ಕೂಡು ಕಳೆ

ಮೊದಲು ಹಲ್ಲಿ ಅಂದುಕೊಂಡೆ.
ಲೊಚ್, ಲೊಚ್, ಮೇಜಿನಡಿಯ ಡಬ್ಬಿಯೊಳಗಿಂದ.
ಕೃಷ್ಣ ಕೃಷ್ಣ ಅಂತ ಮೂರು ಸಲ ತಟ್ಟಿ
ಬಿನ್ನಿಪೇಟೆಯವರ ಗೃಹಪ್ರವೇಶಕ್ಕೆ
ಕೆಳಗಿನ ಸಾಲು ಕೂರಿಸುತ್ತಿದ್ದೆ:
'ತಮ್ಮ ಆಗಮನಾಭಿಲಾಷಿಗಳು'.
ಅಷ್ಟರಲ್ಲಿ ಕರೆಂಟು ಹೋಗಿ ಬಂತು.
ಪರದೆ ಕಪ್ಪಗೇ ಉಳಿಯಿತು.

ಹತ್ತೊಂಬತ್ತು ವರ್ಷದ ಚಾಮರಾಜಪೇಟೆ ಅದರಲ್ಲಿತ್ತು.
ಮದುವೆ, ನಾಮಕರಣ, ಬಾಡಿಗೆ ಕರಾರು,
ಒಬ್ಬರ ಪಿಎಚ್.ಡಿ., ಮೂರು ಸಲ ತಿದ್ದಿದ್ದು,
ಸಮಾರಾಧನೆಯ ಕಾರ್ಡುಗಳು,
ಹೆಸರು ಬದಲಿಸಿ, ಫೋಟೋ ಬದಲಿಸಿ,
ಅದೇ ದೀಪ, ಅದೇ ಹೂವಿನ ಅಂಚು.

ಬ್ಯಾಕಪ್ ಇದೆಯಾ ಅಂತ ಕೇಳಬೇಡಿ.
ಎಲ್ಲರೂ ಕೇಳಿದರು.
ಮೆಡಿಕಲ್ ಶಾಪಿನ ಹುಡುಗ ಮಾತ್ರ ಹೇಳಿದ:
ಫ್ರಿಜ್ಜಲ್ಲಿಡಿ ಆಂಟಿ, ಒಂದು ರಾತ್ರಿ.
ಇಟ್ಟೆ. ಕವರು ಸುತ್ತಿ, ದೋಸೆಹಿಟ್ಟಿನ ಪಕ್ಕ.
ಬೆಳಿಗ್ಗೆ ಹಿಟ್ಟೂ ಉಬ್ಬಿರಲಿಲ್ಲ,
ಡಿಸ್ಕೂ ಎದ್ದಿರಲಿಲ್ಲ.

ಮಾರ್ಕೆಟ್ಟು ಹಾದು, ಅವೆನ್ಯೂ ರಸ್ತೆಯ ಗುಂಡಿ ದಾಟಿ
ಎಸ್.ಪಿ. ರೋಡಿನ ಎರಡನೇ ಮಹಡಿ.
ಅತೀಖ್ ಸಾಹೇಬರು ಅದನ್ನು ಕಿವಿಗೆ ಹಿಡಿದರು,
ತೆಂಗಿನಕಾಯಿ ಅಲ್ಲಾಡಿಸಿ ನೀರು ಕೇಳುವವರ ಹಾಗೆ.
'ಹೆಡ್ಡು ಹೋಗೈತೆ. ಇದೇ ಮಾಡೆಲ್ಲಿಂದು
ಇನ್ನೊಂದು ಹಳೇದು ಸಿಗಬೇಕು,
ಅದರದ್ದು ಬಿಚ್ಚಿ ಇದಕ್ಕೆ ಹಾಕ್ತೀನಿ.
ಒಂಬತ್ತು ಸಾವಿರ. ಏನೂ ಬರದಿದ್ರೆ ಎರಡು.'

ಹನ್ನೊಂದು ದಿನ.
ಬಿನ್ನಿಪೇಟೆಯವರು ಬೇರೆ ಕಡೆ ಮಾಡಿಸಿಕೊಂಡರು.

ಬಂದದ್ದು ಅರ್ಧ.
ಹೆಸರು ಕಳಚಿಕೊಂಡ ಫೈಲುಗಳು,
ಸೊನ್ನೆ ಸೊನ್ನೆ ಒಂದು, ಸೊನ್ನೆ ಸೊನ್ನೆ ಎರಡು.
ಕೊರಳ ತನಕ ಮದುಮಗಳು, ಕೆಳಗೆಲ್ಲ ಬೂದು.
ಜೋಪಾನ ಮಾಡಿದ ಪಿಎಚ್.ಡಿ. ಇಲ್ಲ,
ಒಗೆದದ್ದು ಮಾತ್ರ ರಾಶಿ ರಾಶಿ.
'ಅಳಿಸಿದ್ದು ಎಲ್ಲೂ ಹೋಗಲ್ಲ ಮೇಡಂ,
ಅದರ ಜಾಗ ಇನ್ನೊಬ್ಬರಿಗೆ ಕೊಡೋ ತನಕ
ಅಲ್ಲೇ ಕೂತಿರ್ತದೆ.'
ಉಳಿಸು, ಅಳಿಸು:
ಒಂದೇ ಒಂದು ಸ್ವರದ ಅಂತರ.
ಅಷ್ಟರಲ್ಲೇ ನನ್ನ ಬೆರಳು ಇಷ್ಟು ವರ್ಷ ಓಡಾಡಿದ್ದು.

ಅವರ ಯಂತ್ರದಲ್ಲಿ ನನ್ನ ಹಳೆಯ ಕನ್ನಡ ಫಾಂಟಿಲ್ಲ.
ಪರದೆ ತುಂಬ ಓರೆ ಟೋಪಿಯ ಎ-ಗಳು, ಚುಕ್ಕಿ ಹೊತ್ತ ಇ-ಗಳು,
ಪೌಂಡು, ಡಿಗ್ರಿ, ಯಾವ ದೇಶದ್ದೋ ಕೊಕ್ಕೆ.
'ಇದು ಕೆಟ್ಟೋಗಿದೆ. ಬಿಸಾಕ್ಲಾ?'

ನನಗೆ ಓದಲು ಬರುತ್ತದೆ.
ಪೌಂಡು ಅಂದರೆ ನ.
ಕೂಡು ಗುರುತು, ಅದರ ಕಾಲಡಿಗೇ ಕಳೆ ಗುರುತು,
ಅದು ಶ.
ಮೌನೇಶ. ನನ್ನ ಗಂಡ.
ಜನನ ಅಂತ ಒಂದು ತಾರೀಕು,
ಕೆಳಗೆ ಮರಣ, ಮುಂದೆ ಖಾಲಿ.

ಆ ವರ್ಷ, ವಿಕ್ಟೋರಿಯಾದಲ್ಲಿ ಒಂಬತ್ತನೇ ರಾತ್ರಿ
'ನೆಂಟರಿಗೆ ಹೇಳಿಬಿಡಿ' ಅಂದಿದ್ದರು ಡಾಕ್ಟರು.
ಬಟ್ಟೆ ತರಲು ಬಂದವಳು
ಅಂಗಡಿಯ ಷಟರು ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ
ಟೈಪು ಮಾಡಿದೆ. ಅಳಲಿಲ್ಲ.
ಪೇಪರಿನವರು ಸಂಜೆ ಆರರ ಮೇಲೆ ತೆಗೆದುಕೊಳ್ಳುವುದಿಲ್ಲ,
ನಾಳೆ ನನ್ನ ಕೈ ಓಡುತ್ತದೋ ಇಲ್ಲವೋ,
ಅಷ್ಟೇ ತಲೆಯಲ್ಲಿದ್ದದ್ದು.
ದೀಪವನ್ನು ಒಂದಿಷ್ಟು ಎಡಕ್ಕೆ ಸರಿಸಿಯೂ ನೋಡಿದೆ,
ಚೆಂದ ಕಾಣಲಿ ಅಂತ.
ಮಾರನೆಯ ದಿನ ಅವರು ಕಣ್ಣು ಬಿಟ್ಟು
ಕಾಫಿ ಕೇಳಿದರು.
ಓಡಿಬಂದು ಅಳಿಸಿದ್ದೆ.

'ಬಿಸಾಕ್ಲಾ ಮೇಡಂ?'
ಇರಲಿ, ಅಂದೆ. ಯಾಕೋ.

ಅಂಗಡಿಯಲ್ಲಿ ಮೌನೇಶ ಕಾರ್ಡು ಮಡಿಸುತ್ತಿದ್ದರು,
ಉಗುರಿನಿಂದ ಗೆರೆ ತೀಡಿ,
ನೂರಕ್ಕೊಂದು ರಬ್ಬರ್ ಬ್ಯಾಂಡು.
'ಎಲ್ಲಾ ಸಿಕ್ತಾ?'
ಅರ್ಧ, ಅಂದೆ.
ಬಗ್ಗಿ ಹೊಸ ಡಿಸ್ಕಿನ ತಂತಿ ಸಿಕ್ಕಿಸುತ್ತಿದ್ದೆ,
ಮುಖ ಕಾಣುತ್ತಿರಲಿಲ್ಲ.
'ಇನ್ಮೇಲೆ ಎಲ್ಲಾ ಎರಡೆರಡು ಕಡೆ ಇಡು,' ಅಂದರು.

ಇಟ್ಟಿದ್ದೇನೆ.
ಎಲ್ಲವನ್ನೂ.